ಆಟ, ಕೋಲ, ಕೊಡಿಹಬ್ಬ: ನಿದ್ದೆಗೆಡುವ ಮುನ್ನ

ದೀಪಾವಳಿ ಕಳೆದು ತುಳಸಿಪೂಜೆಯೂ ಮುಗಿಯಿತೆಂದರೆ ಕರಾವಳಿಯ ಊರುಗಳಲ್ಲಿ ರಾತ್ರಿಗಳಿಗೆ ಕಳೆ ಬರುತ್ತದೆ. ಮಳೆಗಾಲದಲ್ಲಿ ವಿಶ್ರಾಂತಿಯಲ್ಲಿದ್ದ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಕೊಯ್ಲಾದ ಗದ್ದೆಯಲ್ಲಿ ಹರಕೆ ಆಟದ ರಂಗಸ್ಥಳ ಏಳುತ್ತದೆ. ಒಂದೆಡೆ ಕಂಬಳ, ಇನ್ನೊಂದೆಡೆ ಕೋಲ, ಮತ್ತೊಂದೆಡೆ ಢಕ್ಕೆಬಲಿ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದ ಕೊಡಿಹಬ್ಬ ಬಂತೆಂದರೆ ಕುಂದಾಪುರದ ಸುತ್ತಮುತ್ತಲಿನವರಿಗೆ ಮನೆಯಲ್ಲಿ ಕೂರಲು ಮನಸ್ಸಾಗದು. ಹೊಸದಾಗಿ ಮದುವೆಯಾದ ಜೋಡಿಯಂತೂ ತೇರು ನೋಡಿ, ಕಬ್ಬಿನ ಕೊಡಿ ಹಿಡಿದೇ ಮನೆಗೆ ಬರಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಸಾಗುವ ಉಡುಪಿಯ ಪರ್ಯಾಯ ಮೆರವಣಿಗೆ ನೋಡಲು ಜನ ರಾತ್ರಿಯಿಡೀ ಬೀದಿಯಲ್ಲಿ ನಿಲ್ಲುತ್ತಾರೆ. ಕಾರ್ಕಳದ ಅತ್ತೂರಿನ ಸಾಂತ್‌ಮಾರಿ, ಊರೂರಿನ ಉರೂಸುಗಳು, ಕ್ರಿಸ್‌ಮಸ್, ಶಾಲಾ ವಾರ್ಷಿಕೋತ್ಸವ, ಹೀಗೆ ಮೇ ತಿಂಗಳ ಪತ್ತನಾಜೆಯವರೆಗೂ ಬಿಡುವೇ ಇಲ್ಲ.

ಇದೇ ದಿನಗಳಲ್ಲಿ ನಮ್ಮಂತಹ ವೈದ್ಯರ ಚಿಕಿತ್ಸಾಲಯಗಳಲ್ಲೂ ಬಿಡುವಿರುವುದಿಲ್ಲ. ಉಬ್ಬಸ ಹೆಚ್ಚಾದವರು, ರಕ್ತದೊತ್ತಡ ಏರಿದವರು, ಸಕ್ಕರೆ ಹಿಡಿತ ತಪ್ಪಿದವರು, ಬೈಕಿನಿಂದ ಬಿದ್ದವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಕಾರಣ ಕೇಳಿದರೆ ಬಹುಮಂದಿಯ ಉತ್ತರ ಒಂದೇ: “ಈ ವರ್ಷ ಚಳಿ ಜಾಸ್ತಿ, ಡಾಕ್ಟ್ರೇ.” ನಿಜಕ್ಕೂ ತಪ್ಪು ಚಳಿಯದೇ? ಈ ವಾರ ಅದನ್ನೇ ಸ್ವಲ್ಪ ವಿಚಾರ ಮಾಡೋಣ.

ನಮ್ಮ ಚಳಿ ಎಷ್ಟರದು?

ಕರಾವಳಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 20ರಿಂದ 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಇದು ಘಟ್ಟದ ಮೇಲಿನವರು ಫ್ಯಾನ್ ಹಾಕಿ ಮಲಗುವಂತಹ ಹವೆ! ಮಧ್ಯಾಹ್ನ ಅದೇ ಊರಿನಲ್ಲಿ 32, 33 ಡಿಗ್ರಿ ಸೆಕೆ. ಅಂದರೆ ಹನ್ನೆರಡು ಗಂಟೆಯೊಳಗೆ ಹತ್ತು ಹನ್ನೊಂದು ಡಿಗ್ರಿ ಏರಿಳಿತ. ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಮಧ್ಯಾಹ್ನದ ಮೇಲೆ ಸಮುದ್ರದ ತೇವದ ಗಾಳಿ. ಈ ಬದಲಾವಣೆ ಉಬ್ಬಸದವರ ಶ್ವಾಸನಾಳವನ್ನು ಕೆರಳಿಸುತ್ತದೆ, ತುಟಿ ಹಿಮ್ಮಡಿ ಒಡೆಯುವಂತೆ ಮಾಡುತ್ತದೆ. ಆದ್ದರಿಂದ ಹಿರಿಯರು ಮಂಡೆಗೆ ಬೈರಾಸು ಸುತ್ತಿ ಕೂರುವುದನ್ನು ನಾನು ತಮಾಷೆ ಮಾಡುವುದಿಲ್ಲ. ಹಾಗೆ ಕೂತರೆ ಹಿತವೆನಿಸುತ್ತದೆ.

ಆದರೆ “ತಲೆಗೆ ಮಂಜು ಬಿದ್ದು ಶೀತವಾಯಿತು” ಎನ್ನುವುದು ಪೂರ್ತಿ ಸರಿಯಲ್ಲ. ನೆಗಡಿ, ಫ್ಲೂ ಜ್ವರಗಳು ವೈರಸ್‌ನಿಂದ ಬರುವಂಥವು. ಅವು ಆಕಾಶದಿಂದ ಇಬ್ಬನಿಯ ಜತೆ ಇಳಿಯುವುದಿಲ್ಲ. ಪಕ್ಕದಲ್ಲಿ ಕುಳಿತು ಕೆಮ್ಮುವವರಿಂದ, ಸೀನಿದ ಕೈಯಿಂದ ಹರಡುತ್ತವೆ. ಜಾತ್ರೆಯ ನೂಕುನುಗ್ಗಲು ಅವಕ್ಕೆ ಹೇಳಿ ಮಾಡಿಸಿದ ಜಾಗ. ಮಂಡೆಗೆ ಬೈರಾಸು ಕಟ್ಟಿದವರು ಕೆಮ್ಮುವಾಗ ಅದೇ ಬೈರಾಸಿನ ತುದಿಯನ್ನು ಬಾಯಿಗೆ ಹಿಡಿದರೆ ಊರಿಗೇ ಉಪಕಾರ.

ಇಷ್ಟಾದರೂ ನನ್ನ ಅನುಭವದಲ್ಲಿ ಕರಾವಳಿಯ ಚಳಿಗಾಲದ ಬಹುಪಾಲು ತೊಂದರೆಗೆ ಮೂಲ ಬೇರೆ. ಸತತ ನಿದ್ದೆಗೆಡುವುದು, ಊಟದ ಹೊತ್ತು ತಪ್ಪುವುದು, ಗುಳಿಗೆ ಮರೆಯುವುದು, ಈ ಮೂರೂ ಒಟ್ಟಾಗಿ ಬರುವುದು ಈ ದಿನಗಳಲ್ಲೇ.

ನಿದ್ದೆಗೆಟ್ಟಾಗ ದೇಹದೊಳಗೆ

ಆರೋಗ್ಯವಂತನ ರಕ್ತದೊತ್ತಡ ರಾತ್ರಿ ನಿದ್ದೆಯಲ್ಲಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಹಗಲೆಲ್ಲ ದುಡಿದ ಹೃದಯಕ್ಕೂ ರಕ್ತನಾಳಗಳಿಗೂ ಅದೇ ವಿರಾಮ. ರಾತ್ರಿಯಿಡೀ ಎಚ್ಚರವಿದ್ದರೆ ಆ ವಿರಾಮ ಸಿಗುವುದಿಲ್ಲ. ಮರುದಿನ ಒತ್ತಡ ಎಂದಿಗಿಂತ ಮೇಲಿರುತ್ತದೆ. ದೇಹದಲ್ಲಿ ಇನ್ಸುಲಿನ್‌ನ ಕೆಲಸ ಮಂದವಾಗಿ ಸಕ್ಕರೆ ಏರುತ್ತದೆ. ಹಸಿವು ಹೆಚ್ಚುತ್ತದೆ, ಅದರಲ್ಲೂ ಕರಿದ ತಿಂಡಿ, ಸಿಹಿಯ ಕಡೆ ಮನಸ್ಸು ಓಡುತ್ತದೆ. ನಡುರಾತ್ರಿ ಗೋಳಿಬಜೆ ಅಂಗಡಿಯ ಮುಂದೆ ಅಷ್ಟು ಜನ ಸೇರುವುದಕ್ಕೆ ಅದರ ಪರಿಮಳವೊಂದೇ ಕಾರಣವಲ್ಲ!

ವರ್ಷಕ್ಕೆ ಒಂದೆರಡು ರಾತ್ರಿ ಹೀಗಾದರೆ ಗಟ್ಟಿಮುಟ್ಟಾದವರಿಗೆ ಬಾಧಕವಿಲ್ಲ. ಮರುದಿನ ಮಲಗಿದರೆ ಸರಿಹೋಗುತ್ತದೆ. ಆದರೆ ಶುಕ್ರವಾರ ಆಟ, ಶನಿವಾರ ಕೋಲ, ಭಾನುವಾರ ನೆಂಟರ ಮನೆಯ ಗೃಹಪ್ರವೇಶ ಎಂದಾದಾಗ, ಅದೂ ಐವತ್ತು ದಾಟಿದ ದೇಹಕ್ಕೆ, ಲೆಕ್ಕ ತಪ್ಪುತ್ತದೆ.

ಅಪಸ್ಮಾರ, ಅಂದರೆ ಫಿಟ್ಸ್ ಇರುವವರಿಗಂತೂ ಈ ಮಾತನ್ನು ಒತ್ತಿ ಹೇಳಬೇಕು. ವರ್ಷಗಟ್ಟಲೆ ಹಿಡಿತದಲ್ಲಿದ್ದ ಕಾಯಿಲೆ ಒಂದೇ ರಾತ್ರಿಯ ನಿದ್ದೆಗೇಡಿನಿಂದ ಮತ್ತೆ ಕಾಣಿಸಬಹುದು. ಅವರು ಎಂಟು ಗಂಟೆಗೆ ರಂಗಪೂಜೆ ನೋಡಿ ಹತ್ತಕ್ಕೆ ಮನೆ ಸೇರಲಿ. ಜಾತ್ರೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಬೀಗದಕೈ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ತುರುಕಬೇಡಿ, ನೀರು ಹಾಕಬೇಡಿ. ಸುತ್ತಲಿನ ಜನರನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

“ಒಂದ್ ದಿನ ಗುಳ್ಗಿ ಬಿಟ್ರೆ ಎಂತ ಆತ್ತ್?”

ಈ ಪ್ರಶ್ನೆಯನ್ನು ನನ್ನ ಬಳಿ ಕೇಳದ ರೋಗಿಗಳು ಕಡಿಮೆ. ಅರವತ್ತೈದು ದಾಟಿದ ಹಿರಿಯರೊಬ್ಬರು ಹೀಗೆಯೇ ಕೇಳಿ ಹೋಗಿದ್ದರು. ರಕ್ತದೊತ್ತಡಕ್ಕೆ ಎರಡು ಬಗೆಯ ಗುಳಿಗೆ ನುಂಗುವವರು, ಆಟದ ಹುಚ್ಚು ವಿಪರೀತ. ಆ ವಾರ ಮೂರು ರಾತ್ರಿ ಹೊರಗಿದ್ದರು. ರಾತ್ರಿಯ ಗುಳಿಗೆ ಮನೆಯ ಕಪಾಟಿನಲ್ಲಿ. ಬೆಳಿಗ್ಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ, ಹಾಗಾಗಿ ಬೆಳಗಿನದೂ ತಪ್ಪಿತು. ನಾಲ್ಕನೆಯ ದಿನ ಎಡಗೈ ಎತ್ತಲಾಗದೆ, ಬಾಯಿ ಸೊಟ್ಟಗಾಗಿ, ಮಗನ ಹೆಗಲ ಮೇಲೆ ಬಂದರು. ಬೇಗ ಬಂದದ್ದರಿಂದ ದೊಡ್ಡಾಸ್ಪತ್ರೆಗೆ ಕಳುಹಿಸಿ ಉಳಿಸಿಕೊಳ್ಳಲಾಯಿತು. ಇಂದಿಗೂ ಎಡಗೈಯಲ್ಲಿ ತಾಳ ಹಾಕಲು ಅವರಿಗೆ ಆಗುವುದಿಲ್ಲ.

ರಕ್ತದೊತ್ತಡದ ಗುಳಿಗೆಗಳಲ್ಲಿ ಕೆಲವನ್ನು ಏಕಾಏಕಿ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲೆ ಹಾರುತ್ತದೆ. ರಕ್ತ ತೆಳುವಾಗಿಸುವ ಔಷಧ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಗುಳಿಗೆ, ಫಿಟ್ಸ್‌ನ ಔಷಧ, ಇವುಗಳನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ. ತಪ್ಪಿತೆಂದು ಮರುದಿನ ಎರಡೆರಡು ನುಂಗುವುದೂ ಸಲ್ಲದು. ಉಪಾಯ ಸುಲಭ. ಒಂದು ಪುಟ್ಟ ಡಬ್ಬಿಯಲ್ಲಿ ಎರಡು ಹೊತ್ತಿನ ಗುಳಿಗೆ ಹಾಕಿ ಕವಳದ ಸಂಚಿಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಕವಳ ಮರೆತು ಆಟಕ್ಕೆ ಹೋದವರನ್ನು ನಾನಂತೂ ಕಂಡಿಲ್ಲ! (ಕವಳವನ್ನೂ ಬಿಟ್ಟರೆ ಬಾಯಿಗೆ ಒಳ್ಳೆಯದು, ಆ ಮಾತು ಇನ್ನೊಂದು ವಾರ.)

ಎಲೆ ಹಾಕಿದ ಮೇಲೆ ಗುಳಿಗೆ

ಸಮಾರಂಭದ ಮನೆಯಲ್ಲಿ ಹೋಮ, ಮಹಾಪೂಜೆ, ಪ್ರಸಾದ ಮುಗಿದು ಎಲೆ ಹಾಕುವಾಗ ಗಂಟೆ ಎರಡಾದರೂ ಆಶ್ಚರ್ಯವಿಲ್ಲ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಎಂಟಕ್ಕೆ ವಾಡಿಕೆಯಂತೆ ಗುಳಿಗೆ ನುಂಗಿ, “ಅಲ್ಲಿ ಹೇಗೂ ಊಟವಿದೆ” ಎಂದು ತಿಂಡಿ ಬಿಟ್ಟು ಹೋಗುತ್ತಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಹನ್ನೆರಡರ ಹೊತ್ತಿಗೆ ಬೆವರು, ನಡುಕ, ಎದೆಬಡಿತ, ಕಣ್ಣು ಮಂಜು, ಸಿಡುಕು, ಕೊನೆಗೆ ಪ್ರಜ್ಞೆ ತಪ್ಪುವುದು. ಇದು ಸಕ್ಕರೆ ಇಳಿದ ಲಕ್ಷಣ. ಜನ ಇದನ್ನು “ಸೆಕೆಗೆ ತಲೆ ತಿರುಗಿತು” ಎಂದೋ “ಮೈಮೇಲೆ ಬಂತು” ಎಂದೋ ತಿಳಿದು ಹೊತ್ತು ಕಳೆಯುವುದುಂಟು.

ಸಕ್ಕರೆ ಪ್ರಮಾಣ 70 ಮಿ.ಗ್ರಾಂ.ಗಿಂತ ಕೆಳಗಿಳಿದರೆ, ಅಥವಾ ಅಳೆಯಲು ಯಂತ್ರವಿಲ್ಲದಿದ್ದರೂ ಈ ಲಕ್ಷಣ ಕಂಡರೆ, ಕೂಡಲೇ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. ನಮ್ಮ ಕಡೆ ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿ ಇದೆಯಲ್ಲ, ಆ ಹೊತ್ತಿನಲ್ಲಿ ಬೆಲ್ಲವೂ ಔಷಧವೇ. ಲಾಡು, ಹೋಳಿಗೆ ಬೇಡ. ತುಪ್ಪ ಸೇರಿದ ಸಿಹಿ ರಕ್ತಕ್ಕೆ ಸೇರಲು ತಡವಾಗುತ್ತದೆ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ ಮಾಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಸೇರಿಸಿ.

ಸಮಾರಂಭಕ್ಕೆ ಹೋಗುವ ದಿನ ಮನೆಯಲ್ಲೇ ಎರಡು ಇಡ್ಲಿಯನ್ನೋ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಯನ್ನೋ ಉಂಡು ಹೊರಡಿ. ಮಧ್ಯಾಹ್ನದ ಗುಳಿಗೆಯನ್ನು ಗಡಿಯಾರ ನೋಡಿ ನುಂಗಬೇಡಿ. ಎಲೆಗೆ ಅನ್ನ ಬಿದ್ದ ಮೇಲೆ ನುಂಗಿ. ಉಪವಾಸವಿರುವ ವ್ರತವಿದ್ದರೆ ಹಿಂದಿನ ವಾರವೇ ನಿಮ್ಮ ವೈದ್ಯರನ್ನು ಕೇಳಿ, ಔಷಧದ ಪ್ರಮಾಣ ಬದಲಿಸಿಕೊಳ್ಳಿ.

ಜೋಮು ಹಿಡಿದ ಪಾದಕ್ಕೆ ಕೆಂಡ ತಿಳಿಯದು

ಹತ್ತು ಹದಿನೈದು ವರ್ಷ ಸಕ್ಕರೆ ಕಾಯಿಲೆಯಿದ್ದ ಅನೇಕರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುವುದಿಲ್ಲ. ಅಂತಹವರು ಹರಕೆಯೆಂದು ಗೆಂಡಸೇವೆಗೆ ಇಳಿದರೆ ಆಗುವುದೇನು? ಸುಟ್ಟದ್ದು ಅವರಿಗೆ ತಿಳಿಯುವುದು ಮರುದಿನ ಪಾದದಲ್ಲಿ ಬೊಬ್ಬೆ ಕಂಡಾಗ, ಕೆಲವೊಮ್ಮೆ ಕೀವು ಸೋರಿದಾಗ. ಇಂತಹ ಹುಣ್ಣು ಒಣಗಲು ತಿಂಗಳುಗಳು ಬೇಕು. ಬೆರಳು, ಪಾದ ಕಳೆದುಕೊಂಡವರೂ ಇದ್ದಾರೆ. ಕೆಂಡವೇ ಬೇಕಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲಿನ ಅಂಗಳವೂ ಸಾಕು.

ಭಕ್ತಿಗೆ ನಾನು ಅಡ್ಡ ಬರುವವನಲ್ಲ. ದೈವದೆದುರು ಕೈಮುಗಿದು, ಗೆಂಡ ಹಾಯುವ ಹರಕೆಯನ್ನು ಬೇರೆ ಸೇವೆಗೆ ಬದಲಾಯಿಸಿಕೊಳ್ಳಲು ಅನುಮತಿ ಕೇಳಿ. ಪಾತ್ರಿಗಳೂ ಊರ ಗುರಿಕಾರರೂ ಒಪ್ಪದೆ ಇರಲಾರರು. ಪ್ರದಕ್ಷಿಣೆಯನ್ನು ಬೆಳಿಗ್ಗೆ, ಸಂಜೆ ಮಾಡಿ. ಮನೆಗೆ ಬಂದೊಡನೆ ಪಾದ ತೊಳೆದು, ಒರೆಸಿ, ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಿ. ಬಗ್ಗಲಾಗದವರಿಗೆ ಮಕ್ಕಳು, ಮೊಮ್ಮಕ್ಕಳು ನೋಡಿ ಹೇಳಲಿ.

ಹೊಗೆ, ಗರ್ನಾಲು, ಚಂಡೆ

ತೇರು ಎಳೆಯುವಾಗ ಗರ್ನಾಲು ಸಿಡಿಯದಿದ್ದರೆ ಹಬ್ಬ ಸಪ್ಪೆ ಎನ್ನುವವರಿದ್ದಾರೆ. ಆದರೆ ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ನಡೆದುದನ್ನು ಮರೆಯಬಾರದು. ದೈವಸ್ಥಾನದ ತೆಯ್ಯಂ ನಡೆಯುತ್ತಿದ್ದಾಗ ಶೇಖರಿಸಿಟ್ಟಿದ್ದ ಪಟಾಕಿಗೆ ಬೆಂಕಿ ತಗಲಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಪ್ರಾಣ ಕಳೆದುಕೊಂಡರು. ಸುಡುಮದ್ದು ಇಟ್ಟಿರುವ ಜಾಗಕ್ಕೂ ಜನ ಸೇರುವ ಜಾಗಕ್ಕೂ ದೂರವಿರಲಿ. ಹಬ್ಬದ ಸಮಿತಿಯವರು ಮೊದಲು ನೋಡಬೇಕಾದದ್ದು ಇದನ್ನೇ. ಸುಟ್ಟ ಗಾಯಕ್ಕೆ ಶಾಯಿ, ಟೂತ್‌ಪೇಸ್ಟ್, ಅರಸಿನ, ತೆಂಗಿನೆಣ್ಣೆ ಯಾವುದೂ ಬೇಡ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು, ಶುದ್ಧ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಬನ್ನಿ.

ಪಟಾಕಿಯ ಹೊಗೆ, ಗದ್ದೆಯ ಧೂಳು, ಬೈಹುಲ್ಲಿನ ಪುಡಿ, ಸೊಳ್ಳೆ ಬತ್ತಿ ಇವೆಲ್ಲ ಉಬ್ಬಸದವರಿಗೆ ಆಗದು. ಉಬ್ಬಸ ತಡೆಯಲು ನಿತ್ಯ ಸೇದುವ ಇನ್‌ಹೇಲರನ್ನು “ಈಗ ಆರಾಮಿದೆ” ಎಂದು ಬಿಡಬೇಡಿ. ತಕ್ಷಣ ಪರಿಹಾರ ಕೊಡುವ ಇನ್‌ಹೇಲರ್ ಸದಾ ಕಿಸೆಯಲ್ಲಿರಲಿ. ನಾಲ್ಕು ಜನರೆದುರು ಅದನ್ನು ಸೇದಲು ಸಂಕೋಚವೇಕೆ? ಕನ್ನಡಕ ಹಾಕಲು ಸಂಕೋಚಪಡುತ್ತೇವೆಯೇ?

ಚಂಡೆಯ ಪೆಟ್ಟು ಕೇಳಿದರೆ ಮೈ ರೋಮಾಂಚನಗೊಳ್ಳುವುದು ನನಗೂ ಗೊತ್ತು. ಆದರೆ ಧ್ವನಿವರ್ಧಕದ ಬುಡದಲ್ಲಿ ಚಾಪೆ ಹಾಸಿ ಕೂಸನ್ನು ಮಲಗಿಸುವ ತಾಯಂದಿರನ್ನು ಕಂಡಾಗ ಕಳವಳವಾಗುತ್ತದೆ. 85 ಡೆಸಿಬೆಲ್ ಸದ್ದನ್ನು ಕಿವಿ ಸುಮಾರು ಎಂಟು ಗಂಟೆ ತಾಳಬಲ್ಲದು. 100 ಡೆಸಿಬೆಲ್ ಆದರೆ ಕಾಲು ಗಂಟೆಯಷ್ಟೇ. ಒಂದು ಮಾರು ದೂರದಲ್ಲಿರುವವರ ಜತೆ ಕೂಗಿ ಮಾತಾಡಬೇಕಾಯಿತು ಎಂದರೆ ಆ ಜಾಗ ಕಿವಿಗೆ ಒಳ್ಳೆಯದಲ್ಲ ಎಂದು ತಿಳಿಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕುವ ನಿಯಮ 2000ನೇ ಇಸವಿಯಲ್ಲೇ ಬಂದಿದೆ. ಆಟಗಳು ಕಾಲಮಿತಿಗೆ ಬಂದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಕಲಾಭಿಮಾನಿಗಳದು. ವೈದ್ಯನಾಗಿ ನಾನು ಹೇಳುವುದಿಷ್ಟೇ: ನಡುರಾತ್ರಿಗೆ ಮುಗಿಯುವ ಆಟವೂ ಇದೆ, ಬೆಳಗಾಗುವವರೆಗಿನ ಆಟವೂ ಇದೆ, ನಿಮ್ಮ ದೇಹಕ್ಕೆ ಯಾವುದು ಒಗ್ಗುತ್ತದೋ ಅದನ್ನು ಆರಿಸಿಕೊಳ್ಳಿ.

ಮಕ್ಕಳಿಗೆ ಹಬ್ಬದ ಮರುದಿನ ಕೆಮ್ಮು ಹತ್ತುವುದು ಸಾಮಾನ್ಯ. ಅಂಗಡಿಯಿಂದ ಸಿರಪ್ ತಂದು ಕುಡಿಸಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಪದಾರ್ಥ ಬೆರೆತ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಇವನ್ನು ಕೊಡಲೇಬಾರದು. ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಕಿಲ್ಲ. ಬೆಚ್ಚನೆಯ ನೀರು, ಗಂಜಿತಿಳಿ ಕೊಡಿ. ಒಂದು ವರ್ಷ ತುಂಬಿದ ಮಗುವಿಗೆ ಅರ್ಧ ಚಮಚ ಜೇನು ಕೊಡಬಹುದು. ಉಸಿರು ಸೆಳೆತ, ಎದೆಗೂಡು ಒಳಸೆಳೆಯುವುದು, ಹಾಲು ಬಿಡುವುದು ಕಂಡರೆ ಕಾಯಬೇಡಿ.

ಬೆಳಗಿನ ಜಾವದ ರಸ್ತೆ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ. ಹದಿನೇಳು ಗಂಟೆ ಸತತ ಎಚ್ಚರವಿದ್ದವನ ಕೈಕಾಲಿನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವನಷ್ಟೇ ಕುಂದಿರುತ್ತದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 1997ರಲ್ಲೇ ತೋರಿಸಿದ್ದಾರೆ. ನಮ್ಮ ದೇಶದ ಕಾನೂನು ವಾಹನ ಚಾಲಕರಿಗೆ ಇಟ್ಟಿರುವ ಮಿತಿ ಶೇಕಡಾ 0.03. ಬೆಳಿಗ್ಗೆ ಆರಕ್ಕೆ ಎದ್ದು, ಹಗಲೆಲ್ಲ ದುಡಿದು, ರಾತ್ರಿಯಿಡೀ ಆಟ ನೋಡಿ, ನಸುಕಿನ ನಾಲ್ಕಕ್ಕೆ ಬೈಕ್ ಹತ್ತಿದವನು ಎಚ್ಚರವಿರುವುದು ಇಪ್ಪತ್ತೆರಡನೆಯ ಗಂಟೆ! ಒಂದು ತೊಟ್ಟು ಕುಡಿಯದಿದ್ದರೂ ಅವನು ಕುಡಿದವನಂತೆಯೇ. ಸಾಲದ್ದಕ್ಕೆ ರಾತ್ರಿ ಎರಡರಿಂದ ಆರರ ನಡುವೆ ದೇಹದ ಗಡಿಯಾರವೇ ನಿದ್ದೆಗೆ ಎಳೆಯುತ್ತದೆ. ಆ ಹೊತ್ತಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳೂ ಮುಂಬಯಿ ಬಸ್ಸುಗಳೂ ಓಡುತ್ತಿರುತ್ತವೆ.

ಕಿಟಕಿ ತೆರೆಯುವುದು, ಪದ್ಯ ಗುನುಗುವುದು, ಮುಖಕ್ಕೆ ನೀರು ಚಿಮುಕಿಸುವುದು ನಾಲ್ಕು ನಿಮಿಷದ ಉಪಾಯಗಳು. ಮಂಗಳ ಪದ್ಯವಾದ ಮೇಲೆ ಅಲ್ಲೇ ಚಪ್ಪರದಡಿ ಮಲಗಿ, ಚೆನ್ನಾಗಿ ಬೆಳಕಾದ ಮೇಲೆ ಹೊರಡಿ. ಹೋಗಲೇಬೇಕಿದ್ದರೆ ಒಂದು ಲೋಟ ಕಾಫಿ ಕುಡಿದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕಾಫಿಯ ಪರಿಣಾಮ ಶುರುವಾಗುವುದೂ ಅಷ್ಟು ಹೊತ್ತಿಗೇ. ನಾಲ್ಕೈದು ಮನೆಯವರು ಸೇರಿ ಒಂದು ವ್ಯಾನ್ ಗೊತ್ತುಮಾಡಿ, ಹಗಲು ಮಲಗಿದ್ದ ಚಾಲಕನನ್ನು ಕರೆದೊಯ್ದರೆ ಇನ್ನೂ ಉತ್ತಮ. ನಿದ್ದೆ ಹೋದ ಮಗುವನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಮಾತ್ರ ದಯವಿಟ್ಟು ಬರಬೇಡಿ.

ಎದೆನೋವನ್ನು ಗ್ಯಾಸ್ ಎನ್ನಬೇಡಿ

ಹೃದಯಾಘಾತ ಹೆಚ್ಚಾಗಿ ಆಗುವುದು ಬೆಳಗಿನ ಹೊತ್ತು. ನಿದ್ದೆಗೆಟ್ಟು, ತಡರಾತ್ರಿ ಹೊಟ್ಟೆ ತುಂಬ ಉಂಡು, ನಸುಕಿನಲ್ಲಿ ದಿಬ್ಬ ಹತ್ತಿ ಮನೆಗೆ ಬರುವವರ ಎದೆ ಒತ್ತಿದಂತಾದರೆ ಮೊದಲು ನೆನಪಾಗುವುದು ಸೋಡಾ, ಜೀರಿಗೆ ಕಷಾಯ. ಎದೆಯ ನಡುವೆ ಭಾರ, ನೋವು ಎಡಗೈಗೋ ಕುತ್ತಿಗೆಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ಇವು ಹದಿನೈದು ನಿಮಿಷದಲ್ಲಿ ತಗ್ಗದಿದ್ದರೆ ಗ್ಯಾಸ್ ಎಂದು ತೀರ್ಮಾನಿಸುವ ಹಕ್ಕು ನಮಗಿಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಮಾಡುವ ಆಸ್ಪತ್ರೆಗೆ ಹೋಗಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚಿಕಿತ್ಸೆ ಮೊದಲ ಒಂದೆರಡು ಗಂಟೆಯಲ್ಲಿ ಕೊಡುವ ಫಲವನ್ನು ಆಮೇಲೆ ಕೊಡಲಾರದು.

ಹೊರಡುವ ಮುನ್ನ ನೆನಪಿಡಿ

* ರಾತ್ರಿ ಎಚ್ಚರವಿರುವ ದಿನ ಮಧ್ಯಾಹ್ನ ಒಂದೂವರೆ ಗಂಟೆಯಾದರೂ ಮಲಗಿ. ಎರಡು ಜಾಗರಣೆಗಳ ನಡುವೆ ಎರಡು ರಾತ್ರಿಯ ಪೂರ್ಣ ನಿದ್ದೆ ಇರಲಿ.
* ಗುಳಿಗೆ ಡಬ್ಬಿ, ಇನ್‌ಹೇಲರ್, ಸ್ವಲ್ಪ ಸಕ್ಕರೆ, ಕುದಿಸಿ ಆರಿಸಿದ ನೀರು ಜತೆಗಿರಲಿ. ಇನ್ಸುಲಿನನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.
* ನಿಮ್ಮ ಕಾಯಿಲೆ, ಔಷಧ, ಮನೆಯವರ ಫೋನ್ ನಂಬರ್ ಬರೆದ ಚೀಟಿ ಕಿಸೆಯಲ್ಲಿರಲಿ.
* ಬಿಸಿಯಾಗಿರುವುದನ್ನು ತಿನ್ನಿ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಟ್ಟದ್ದು, ಐಸ್ ಹಾಕಿದ ಕಬ್ಬಿನ ಹಾಲು ಬೇಡ. ಭೇದಿ ಹತ್ತಿದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಆಗಾಗ ಗುಟುಕರಿಸಿ.
* ಹಿರಿಯರನ್ನು ಜಾತ್ರೆಗೆ ಒಬ್ಬರನ್ನೇ ಕಳುಹಿಸಬೇಡಿ.

ಇಷ್ಟೆಲ್ಲ ಓದಿ “ಈ ಡಾಕ್ಟ್ರು ನಮ್ಮನ್ನು ಮನೆಯಲ್ಲೇ ಕೂರಿಸುವ ಹಾಗೆ ಕಾಣುತ್ತದೆ” ಎಂದುಕೊಳ್ಳಬೇಡಿ. ಊರ ಹಬ್ಬಕ್ಕೆ ಹೋಗಿ ನಾಲ್ಕು ಜನರೊಡನೆ ಮಾತಾಡಿ ನಗುವುದು ಕೂಡ ಆರೋಗ್ಯಕ್ಕೆ ಬೇಕಾದದ್ದೇ. ಒಂಟಿಯಾಗಿ ಮನೆಯಲ್ಲಿ ಕೂತ ಹಿರಿಯರಿಗೆ ಅದಕ್ಕಿಂತ ಒಳ್ಳೆಯ ಟಾನಿಕ್ ನನ್ನ ಬಳಿ ಇಲ್ಲ. ನಮ್ಮ ಮೇಳಗಳ ಕಲಾವಿದರು ಆರು ತಿಂಗಳು ರಾತ್ರಿ ಕುಣಿಯುತ್ತಾರೆ ನಿಜ, ಆದರೆ ಅವರಲ್ಲಿ ಅನುಭವಿಗಳು ಹಗಲಿನ ನಿದ್ದೆಯನ್ನು ವೇಷದಷ್ಟೇ ಶ್ರದ್ಧೆಯಿಂದ ಕಾಪಾಡಿಕೊಳ್ಳುತ್ತಾರೆ. ನೋಡುವವರಾದ ನಾವೂ ಅವರಿಂದ ಅಷ್ಟನ್ನು ಕಲಿತರೆ, ಮುಂದಿನ ವರ್ಷದ ಕೊಡಿಹಬ್ಬಕ್ಕೂ ನಮ್ಮ ಕಾಲ ಮೇಲೆ ನಾವೇ ನಡೆದು ಹೋಗಬಹುದು.